ಹಾಡಿನ ನಡುವೆ ಬಾಷಣ್ಣ

ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಹಾಡಿಕೊಳ್ಳುವವರನ್ನು ನೀವೂ ಕಂಡಿರುತ್ತೀರಿ. ಹೆಚ್ಚಿನವರ ಬಾಯಿಗೆ ಬರುವುದು ಪಲ್ಲವಿ. ಚರಣ ಮರೆತುಹೋದರೆ ಪಲ್ಲವಿಯನ್ನೇ ಮತ್ತೆ ಮತ್ತೆ ತಿರುವಿಹಾಕುತ್ತಾರೆ. ನನ್ನದು ಉಲ್ಟಾ. ಪಲ್ಲವಿಗೂ ಚರಣಕ್ಕೂ ನಡುವೆ ಬರೀ ವಾದ್ಯಗಳು ನುಡಿಯುತ್ತವಲ್ಲ, ನಾನು ಹಾಡಿಕೊಳ್ಳುವುದು ಆ ಭಾಗವನ್ನು. ಒಗ್ಗರಣೆಗೆ ಸಾಸಿವೆ ಹಾಕಿ 'ಟುಂ ಟುರುರು ಟುಂಯ್ಯ' ಎಂದು ಶುರುಮಾಡಿದೆನೆಂದರೆ, ಮಾತು ಬರುವ ಜಾಗ ಬಂದಕೂಡಲೇ ಗಪ್ಪನೆ ನಿಲ್ಲಿಸಿಬಿಡುತ್ತೇನೆ. "ಎಲ್ಲಾರೂ ಬಾಳೆಹಣ್ಣು ತಿಂದು ಸಿಪ್ಪೆ ಒಗೆದ್ರೆ, ನೀನು ಸಿಪ್ಪೆ ತಿಂದು ಹಣ್ಣು ಒಗೀತೀಯಲ್ಲೇ" ಎಂದು ನಮ್ಮ ಮನೆಯವರು ತಟ್ಟೆಯ ಮುಂದೆ ಕೂತು ನಗುತ್ತಾರೆ.

ಈ ಚಟಕ್ಕೆ ಮೊದಲ ಕಾರಣ ನಮ್ಮಪ್ಪ. ನಾನು ಬೆಳೆದದ್ದು ದಾವಣಗೆರೆ ಹತ್ತಿರದ ಹದಡಿಯಲ್ಲಿ. ಅಪ್ಪನಿಗೆ ಹಾಡೆಂದರೆ ಅದರ ಮಾತು. ರೇಡಿಯೊದಲ್ಲಿ ಮಾತು ನಿಂತು ವಾದ್ಯ ಶುರುವಾದ ತಕ್ಷಣ "ಸುಮ್ನೆ ಸೆಲ್ಲು ಖರ್ಚು" ಎಂದು ಗುಂಡಿ ತಿರುಗಿಸಿ ಸದ್ದು ತಗ್ಗಿಸುತ್ತಿದ್ದ. ಮತ್ತೆ ಮಾತು ಬರುವ ಹೊತ್ತಿಗೆ ಸರಿಯಾಗಿ ಏರಿಸುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ. ಅಷ್ಟು ಕರಾರುವಾಕ್ಕಾಗಿ ಏರಿಸಬೇಕಾದರೆ ಆ ಭಾಗವನ್ನೂ ಅಪ್ಪ ಒಳಗೊಳಗೇ ಕೇಳುತ್ತಿದ್ದ ಎಂದು ಈಗ ಹೊಳೆಯುತ್ತದೆ. ಆಗ ಹೊಳೆದಿರಲಿಲ್ಲ. ಮಕ್ಕಳಿಗೆ ಯಾವ ಡಬ್ಬಿ ಮುಟ್ಟಬೇಡ ಎನ್ನುತ್ತಾರೋ ಅದರಲ್ಲೇ ಬೆಲ್ಲ ಇದೆ ಅನ್ನಿಸುತ್ತದೆ. ನಾನು ರೇಡಿಯೊಗೆ ಕಿವಿ ಒತ್ತಿ, ಇರುವೆ ಹರಿದಷ್ಟು ಸಣ್ಣಗೆ ಕೇಳುತ್ತಿದ್ದ ಆ ಸ್ವರಗಳನ್ನು ಹೆಕ್ಕಿಕೊಳ್ಳುತ್ತಿದ್ದೆ.

ಎರಡನೆಯ ಕಾರಣ, ದೊಡ್ಡ ಕಾರಣ, ಹರಿಹರದ ಮಹಬೂಬ್ ಬಾಷಾ. ನನಗೆ ಬಾಷಣ್ಣ.

ಡಿಗ್ರಿ ಓದಲು ದಾವಣಗೆರೆಗೆ ಬಂದು ವಿದ್ಯಾನಗರದ ಹಾಸ್ಟೆಲ್ ಸೇರಿದ್ದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡಿದ್ದನ್ನು ಕೇಳಿ ನಾಗರಾಜಣ್ಣ ಎಂಬವರು ತಮ್ಮ ಆರ್ಕೆಸ್ಟ್ರಾಗೆ ಕರೆದರು. ನನ್ನದೇನು ಮಹಾ ಕಂಠವಲ್ಲ. ಶ್ರುತಿ ತಪ್ಪುತ್ತಿರಲಿಲ್ಲ, ಕೊಟ್ಟ ಹೊತ್ತಿಗೆ ಬರುತ್ತಿದ್ದೆ. ಎರಡನೆಯ ಗುಣವೇ ನಾಗರಾಜಣ್ಣನಿಗೆ ಹೆಚ್ಚು ಹಿಡಿಸಿದ್ದು. ಅವರು ಡ್ರಮ್ಸ್ ಬಾರಿಸುತ್ತಿದ್ದರು, ಆರ್ಕೆಸ್ಟ್ರಾದ ಯಜಮಾನರೂ ಅವರೇ. ಮದುವೆ ಆರತಕ್ಷತೆಗಳು, ಗಣಪತಿ ಪೆಂಡಾಲುಗಳು ನಮ್ಮ ಕ್ಷೇತ್ರ. ಪ್ರಾಕ್ಟೀಸು ಮಾತ್ರ ಹರಿಹರದ ಪೇಟೆಯಲ್ಲಿ, ಬಾಷಣ್ಣನ ಗಾದಿ ಅಂಗಡಿಯ ಹಿಂದಿನ ಗೋಡೌನಿನಲ್ಲಿ.

ಗಾದಿ ಅಂಗಡಿ ಎಂದು ನಗಬೇಡಿ. ಹಾಡುವುದಕ್ಕೆ ಅಂಥ ಜಾಗವನ್ನು ನಾನು ಮತ್ತೆ ಕಂಡಿಲ್ಲ. ಸುತ್ತಲೂ ಹತ್ತಿಯ ಮೂಟೆ, ಗೋಡೆಗೆ ಒರಗಿಸಿದ ಗಾದಿ, ಮಾಡಿನವರೆಗೆ ದಿಂಬು. ಒಂದು ಸ್ವರ ಹಾಡಿದರೆ ಅದು ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಹತ್ತಿ ಅದನ್ನು ಕುಡಿದುಬಿಡುತ್ತದೆ. ಬಚ್ಚಲುಮನೆಯಲ್ಲಿ ಎಲ್ಲರೂ ಗಾಯಕರಾದರೆ, ಗಾದಿ ಅಂಗಡಿಯಲ್ಲಿ ಎಲ್ಲರ ಬಂಡವಾಳವೂ ಬಯಲಾಗುತ್ತದೆ. ಮೊದಲ ದಿನ ನನ್ನ ದನಿ ಕೇಳಿ ನನಗೇ ಅಳು ಬಂದಿತ್ತು. ಕೀಬೋರ್ಡಿನ ಹಿಂದೆ ನಿಂತಿದ್ದ ಬಾಷಣ್ಣ, "ಅಳಬ್ಯಾಡ ತಂಗಿ. ಇಲ್ಲಿ ಇಷ್ಟು ಕೇಳ್ತೈತೆ ಅಂದ್ರೆ ಛತ್ರದಾಗೆ ಜೋರಾಗೈತೆ ಅಂತ ಲೆಕ್ಕ" ಎಂದರು. ಮೀಸೆ, ಹುಬ್ಬುಗಳ ಮೇಲೆಲ್ಲ ಹತ್ತಿಯ ಎಳೆ ಕೂತು, ನಡುವಯಸ್ಸೂ ಮುಟ್ಟದ ಮನುಷ್ಯ ಮುದುಕನಂತೆ ಕಾಣುತ್ತಿದ್ದರು. ಈಗ ನಿಜವಾಗಿ ನರೆತಿದ್ದಾರೆ, ನನಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಬಾಷಣ್ಣನಿಗೆ ಒಂದು ಗುಟ್ಟಿನ ಪ್ರೀತಿಯಿತ್ತು. ಹರಿಹರದ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ, ಹತ್ತಿ ಹಿಂಜಿ ಹೊಸದು ಮಾಡಿಕೊಡಲು ಕೊಟ್ಟಿದ್ದ ಹಳೆಯ ಗಾದಿಗಳನ್ನು ಒಯ್ಯಲು ಬಂದು, ಒಂದು ಕ್ಯಾಸೆಟ್ಟನ್ನು "ನಿನಗೆ ಬೇಕಾದೀತು ನೋಡು" ಎಂದು ಕೈಗಿಟ್ಟು ಹೋಗಿದ್ದರಂತೆ. ಮೇಲಿನ ಚೀಟಿ ಎಣ್ಣೆ ಕುಡಿದು ಅಳಿಸಿಹೋಗಿತ್ತು. ಯಾರು ಹಾಡಿದವರು, ಯಾರು ನುಡಿಸಿದವರು, ಯಾವ ದೇಶ, ಏನೂ ತಿಳಿಯುವಂತಿರಲಿಲ್ಲ. ಇದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ ಎಂದಷ್ಟೇ ಆ ಎಂಜಿನಿಯರು ಹೇಳಿದ್ದು. ಬಾಷಣ್ಣ ಅದನ್ನು 'ಪ್ರೊಗ್ರೆಸ್ಸು' ಎಂದು ಚಿಕ್ಕದು ಮಾಡಿಕೊಂಡಿದ್ದರು. "ಬಾ ತಂಗಿ, ಸ್ವಲ್ಪ ಪ್ರೊಗ್ರೆಸ್ಸು ಕೇಳು" ಎಂದು ಒಂದು ಸಂಜೆ ನನಗೂ ಕೇಳಿಸಿದರು.

ಮೊದಲ ಸಲ ಕೇಳಿದಾಗ ನನಗೆ ಏನೂ ಅರ್ಥವಾಗಲಿಲ್ಲ. ಹಾಡು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ತಿಳಿಯದು. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಒಂದೇ ಹಾಡು. ನಡುನಡುವೆ ತಾಳ ಬದಲಾಗುತ್ತಿತ್ತು. ಹಾಡುವವನು ನಾಲ್ಕು ಸಾಲು ಹೇಳಿ ಎಲ್ಲಿಗೋ ಹೋಗಿಬಿಡುತ್ತಿದ್ದ, ಚಹ ಕುಡಿದು ಬಂದನೇನೋ ಎಂಬಷ್ಟು ಹೊತ್ತು ಪತ್ತೆಯಿರುತ್ತಿರಲಿಲ್ಲ. ಆಮೇಲೆ ಗಿಟಾರು ಮುಗಿಲಿಗೆ ಮುಖ ಮಾಡಿ ಕೂಗತೊಡಗಿತು. ಬಾಷಣ್ಣ ನನ್ನ ಮುಖ ನೋಡಿದರು.

"ಎಲ್ಲಾರೂ ಗಿಟಾರಿನವನ್ನೇ ಕೇಳ್ತಾರೆ. ನೀನು ಕೆಳಗೆ ಕೇಳು. ಕೆಳಗೆ ಒಬ್ಬ ಅದಾನೆ."

ಕಿವಿಯನ್ನು ಕೆಳಕ್ಕಿಳಿಸಿದೆ. ಹೌದು, ಒಬ್ಬನಿದ್ದ. ಗಿಟಾರಿನ ಕೂಗಾಟದ ಕೆಳಗೆ ಆರ್ಗನ್ನಿನಂಥ ದನಿಯಲ್ಲಿ ನಾಲ್ಕೇ ಸ್ವರಗಳನ್ನು ಹಿಡಿದುಕೊಂಡು ನಿಂತಿದ್ದ. ಅವಸರವಿಲ್ಲ. ಗಿಟಾರಿನವನು ಒಂದು ಕಡೆ ಹಾರಿದರೆ ಈತ ಒಂದೇ ಒಂದು ಬೆರಳು ಸರಿಸಿ ಅವನ ಕಾಲ ಕೆಳಗೆ ಹೊಸ ನೆಲ ಇಡುತ್ತಿದ್ದ. ಕೊನೆಗೆ ಎಲ್ಲರೂ ಸುಮ್ಮನಾದಾಗ ಆ ನಾಲ್ಕು ಸ್ವರ ಮಾತ್ರ ಉಳಿದವು. ಅಷ್ಟು ಹೊತ್ತು ನಾನು ಕೇಳಿದ್ದು ಅವುಗಳನ್ನೇ ಅನ್ನಿಸಿತು.

"ಯಾರು ಬಾಷಣ್ಣ ಈತ?"

"ಯಾರಿಗೊತ್ತು. ನಾನು 'ಆ ಮನುಷ್ಯ' ಅಂತೀನಿ."

ಹೆಸರು ಗೊತ್ತಿಲ್ಲದ ಒಬ್ಬನ ಶಿಷ್ಯನಾಗಿ ಬಾಷಣ್ಣ ವರ್ಷಗಟ್ಟಲೆ ಕಲಿತರು. ಅದನ್ನು ನನ್ನ ಬೆನ್ನ ಹಿಂದೆ ಪ್ರಯೋಗಿಸಿದರು. ಹಾಡುವವಳು ಯಾವತ್ತೂ ಜನರ ಕಡೆ ಮುಖ ಮಾಡಿರುತ್ತಾಳೆ, ನುಡಿಸುವವರು ಅವಳ ಹಿಂದಿರುತ್ತಾರೆ. ನನಗೆ ಉಸಿರು ಗಿಡ್ಡ. ಉದ್ದದ ಸಾಲಿನಲ್ಲಿ ನಡುವೆ ಉಸಿರು ಕದಿಯಲೇಬೇಕು. ನಾನು ಕದಿಯುವ ಜಾಗಕ್ಕೆ ಸರಿಯಾಗಿ ಬಾಷಣ್ಣ ಎರಡು ಸ್ವರ ಇಟ್ಟುಬಿಡುತ್ತಿದ್ದರು, ಹಾಡಿನಲ್ಲೇ ಅದು ಇತ್ತೇನೋ ಎಂಬಂತೆ. ಇದು ನನಗೆ ತಿಳಿದದ್ದು, ಅವರು ಜ್ವರ ಬಂದು ಮಲಗಿ ಬೇರೊಬ್ಬರು ನುಡಿಸಿದ ದಿನ. ಅವತ್ತು ಹಾಡಿನ ತುಂಬ ನನ್ನ ಉಸಿರಿನ ತೂತುಗಳೇ ಕೇಳಿದವು.

ಆದರೆ ನಾಗರಾಜಣ್ಣನಿಗೂ ಬಾಷಣ್ಣನಿಗೂ ಏಳರ ತಾಳದ ಜಗಳ ಮುಗಿಯುತ್ತಿರಲಿಲ್ಲ. ಪ್ರೊಗ್ರೆಸ್ಸಿನವರಿಗೆ ಏಳರ ಲೆಕ್ಕ ಬಲು ಇಷ್ಟವಂತೆ. ನಮ್ಮ ಸಂಗೀತ ಪಾಠದ 'ತಕಿಟ ತಕಧಿಮಿ'ಯೇ ಅದು ಎಂದು ನಾನು ಹೇಳಿದಾಗ ಬಾಷಣ್ಣನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅಂದಿನಿಂದ ಎರಡು ಹಾಡುಗಳ ನಡುವೆ, ಜನ ಕುರ್ಚಿ ಎಳೆದಾಡುವ ಹೊತ್ತಿನಲ್ಲಿ, ತಮ್ಮದೇ ಒಂದು ಏಳರ ತುಣುಕನ್ನು ಮೆಲ್ಲಗೆ ನುಡಿಸಿಬಿಡುತ್ತಿದ್ದರು.

"ಏಳರಾಗೆ ಹೆಂಗೆ ಕುಣಿಬೇಕೋ ಬಾಷಾ?" ನಾಗರಾಜಣ್ಣ ರೇಗುತ್ತಿದ್ದರು. "ಜನಕ್ಕೆ ಇರೋವು ಎರಡೇ ಕಾಲು."

"ಕುಣಿಯಾದು ಬ್ಯಾಡ್ರಿ. ಕೂತು ಕೇಳ್ಲಿ."

"ಕೂತು ಕೇಳಾಕೆ ಬಂದಿಲ್ಲ ಅವರು, ಉಣ್ಣಾಕೆ ಬಂದಾರೆ!"

ದಾವಣಗೆರೆಯ ಛತ್ರವೊಂದರಲ್ಲಿ ನಡೆದದ್ದನ್ನು ಹೇಳಲೇಬೇಕು. ಆಗಷ್ಟೇ ಸ್ಟೇಜಿನ ಮೇಲೆ ಹೊಗೆ ಬಿಡುವ ಯಂತ್ರ ಬಂದಿತ್ತು. ವಧೂವರರು ಮೋಡದಲ್ಲಿ ನಿಂತಂತೆ ಕಾಣಬೇಕೆಂದು ಯಾರೋ ಉತ್ಸಾಹಿಗಳು ಅದನ್ನು ಪೂರ್ತಿ ತಿರುಗಿಸಿದ್ದರು. ನಾನು ಚರಣದ ಎರಡನೆಯ ಸಾಲಿಗೆ ಬಾಯಿ ತೆರೆದೆ, ಮೋಡ ಗಂಟಲಿಗಿಳಿಯಿತು. ಕೆಮ್ಮೂ ಬರಲಿಲ್ಲ, ದನಿಯೂ ಬರಲಿಲ್ಲ. ಮೈಕು ಹಿಡಿದು ಬಾಯಿ ಬಿಟ್ಟುಕೊಂಡು, ಗಾಜಿನ ಪೆಟ್ಟಿಗೆಯ ಮೀನಿನಂತೆ ನಿಂತೆ.

ಆಗ ಹಿಂದಿನ ಕೀಬೋರ್ಡಿನಿಂದ ನಾನು ಬಿಟ್ಟ ಸಾಲು ಮುಂದುವರಿಯಿತು. ನನ್ನ ಎತ್ತರದಲ್ಲೇ, ನಾನು ಹೇಗೆ ಎಳೆಯುತ್ತಿದ್ದೆನೋ ಹಾಗೆಯೇ. ಆ ಸಾಲು ಮುಗಿದ ಮೇಲೆ ನಿಲ್ಲದೆ ಒಂದು ತಿರುವು ತೆಗೆದುಕೊಂಡಿತು, ಮತ್ತೊಂದು ತಿರುವು, ಮೆಲ್ಲಗೆ ಏಳಕ್ಕೆ ಹೊರಳಿತು. ನಾಗರಾಜಣ್ಣ ಕಣ್ಣು ಕೆಕ್ಕರಿಸಿದರು, ಎರಡು ಸುತ್ತು ತಡವರಿಸಿದರು, ಆಮೇಲೆ ಏಳಕ್ಕೇ ಬಡಿಯತೊಡಗಿದರು. ಅಂದು ಬಾಷಣ್ಣ ಎಷ್ಟು ಹೊತ್ತು ನುಡಿಸಿದರೋ. ಊಟದ ಹಾಲಿಗೆ ಹೊರಟಿದ್ದ ಕೆಲವರು ಬಾಗಿಲಲ್ಲೇ ನಿಂತರು. ಕುಣಿಯುತ್ತಿದ್ದ ಮಕ್ಕಳು ನಿಂತು, ಯಾವ ಕಾಲು ಎತ್ತಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡಿದರು. ನಾನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು ತಲೆಯಾಡಿಸಿದ ಮೇಲೆ, ನಾನು ಎಲ್ಲಿ ಬಿಟ್ಟಿದ್ದೆನೋ ಅದೇ ಸಾಲಿನ ಬಾಗಿಲಿಗೆ ನನ್ನನ್ನು ತಂದು ನಿಲ್ಲಿಸಿದರು. ಚರಣ ಮುಗಿಸಿ, ಪಲ್ಲವಿ ಹಾಡಿ ನಿಲ್ಲಿಸಿದೆ. ಚಪ್ಪಾಳೆಯೋ ಚಪ್ಪಾಳೆ.

ಕೆಳಗಿಳಿದಾಗ ಮದುಮಗಳ ಸೋದರಮಾವ ಎದುರು ಬಂದು ಕೈ ಮುಗಿದರು. "ಮೇಡಂ, ಆ ಹಾಡು ಏನ್ ಹಾಡಿದ್ರಿ! ಮೈ ಜುಂ ಅಂತು."

ಹಿಂದೆ ವೈರು ಸುತ್ತುತ್ತಿದ್ದ ಬಾಷಣ್ಣ ನಕ್ಕರು. "ನೋಡು ತಂಗಿ, ನೀನು ಬಾಯಿ ಮುಚ್ಚಿದ್ರೂ ಚೆನ್ನಾಗಿ ಹಾಡ್ತೀ."

ಅವರಿಗೆ ಬೇಸರವಾಗಿತ್ತೇ? ನನಗಂತೂ ಕಾಣಲಿಲ್ಲ. ವ್ಯಾನಿನಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು, "ಇವತ್ತು ಆ ಮನುಷ್ಯ ಕೇಳಿದ್ರೆ ಬೈತಿರಲಿಲ್ಲ" ಎಂದಷ್ಟೇ ಹೇಳಿದರು.

ಕಾಲ ಸರಿಯಿತು. ನನಗೆ ಮದುವೆಯಾಯಿತು, ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು; ದಿನವಿಡೀ 'ಸದ್ದು, ಸದ್ದು' ಎನ್ನುವುದೇ ಸಂಬಳದ ಕೆಲಸವಾಯಿತು. ಹಾಡುಗಳ ಟ್ರ್ಯಾಕುಗಳು ಪೆನ್‌ಡ್ರೈವಿನಲ್ಲಿ ಸಿಗತೊಡಗಿದ ಮೇಲೆ ನುಡಿಸುವವರು ಯಾರಿಗೂ ಬೇಡವಾದರು. ನಾಗರಾಜಣ್ಣ ಈಗ ಛತ್ರಗಳಿಗೆ ದೊಡ್ಡ ಪರದೆ, ಲೈಟು ಬಾಡಿಗೆಗೆ ಕೊಡುತ್ತಾರೆ. ಬಾಷಣ್ಣನೂ ನುಡಿಸುವುದು ಬಿಟ್ಟರು ಎಂದು ಕೇಳಿದಾಗ, ಇದೇ ಕಾರಣ ಎಂದುಕೊಂಡೆ.

ಹೋದ ವರ್ಷ ಗಾದಿ ಮಾಡಿಸಲೆಂದು ಹರಿಹರಕ್ಕೆ ಹೋದೆ. ಬಾಷಣ್ಣ ಅಂಗಡಿಯ ಕಟ್ಟೆಯ ಮೇಲೆ ಕೂತು ದಿಂಬಿನ ಬಾಯಿ ಹೊಲಿಯುತ್ತಿದ್ದರು. ಎಡಗಡೆಯಿಂದ ಹೋಗಿ "ಬಾಷಣ್ಣಾ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಒಳಗಿನಿಂದ ಅವರ ಮಗಳು ರುಖಿಯಾ ಓಡಿಬಂದು ಅವರ ಬಲಭುಜ ಮುಟ್ಟಿದಳು. ಮೈಯನ್ನೆಲ್ಲ ತಿರುಗಿಸಿ ನನ್ನನ್ನು ನೋಡಿ, ಮುಖ ಅರಳಿಸಿದರು.

"ಬಾ ತಂಗಿ, ಈ ಕಡೆ ಕೂಡು. ಆ ಕಡೆ ಕಿವಿ ರಜ ಹಾಕೈತೆ."

ಅಷ್ಟೂ ವರ್ಷ ಸ್ಟೇಜಿನ ಮೇಲೆ ಅವರ ಜಾಗ ದೊಡ್ಡ ಸ್ಪೀಕರಿನ ಪಕ್ಕ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯದು ಇನ್ನೂ ವಿಚಿತ್ರ: ಮೇಲಿನ ಸ್ವರಗಳು ಬೇರೆಯೇ ಆಗಿ, ಬೇಸೂರಾಗಿ ಕೇಳುತ್ತಿದ್ದವು. ಬೆರಳು ಸರಿಯಾದ ಮನೆಯ ಮೇಲೇ ಇರುತ್ತಿತ್ತು, ಕಿವಿ ಅಲ್ಲ ಎನ್ನುತ್ತಿತ್ತು. ದಾವಣಗೆರೆಯ ಡಾಕ್ಟರು ಕೊಟ್ಟ ಕಿವಿಯ ಮಷೀನು ಹಾಕಿದರೆ ಮಾತು ಚೆನ್ನಾಗಿ ಕೇಳುತ್ತದಂತೆ. "ಕೀಬೋರ್ಡು ಮಾತ್ರ ಡಬ್ಬಿಯಾಗೆ ಕಾಳು ಅಲ್ಲಾಡಿಸಿದಂಗೆ ಕೇಳ್ತೈತೆ" ಎಂದರು. ನುಡಿಸುವುದು ಬಿಟ್ಟದ್ದು ಇದಕ್ಕೆ. ಯಾರಿಗೂ ಹೇಳಿರಲಿಲ್ಲ.

ರುಖಿಯಾ ಮಾತು ಬದಲಿಸಲು ತನ್ನ ಫೋನು ತಂದಳು. ಆ ಹಳೆಯ ಕ್ಯಾಸೆಟ್ಟಿನ ಹಾಡನ್ನು ಅವಳು ಫೋನಿಗೆ ಕೇಳಿಸಿ, ಹೆಸರು ಪತ್ತೆ ಹಚ್ಚಿದ್ದಳು. 'ಆ ಮನುಷ್ಯ'ನ ಫೋಟೊ ತೋರಿಸಿದಳು. ಬೋಳುತಲೆಯ, ದಪ್ಪ ಕನ್ನಡಕದ ಮುದುಕ, ಮನೆಯ ಮೆಟ್ಟಿಲ ಮೇಲೆ ಕೂತು ಬೆಕ್ಕಿನ ಬೆನ್ನು ಸವರುತ್ತಿದ್ದ.

"ಇಷ್ಟು ವರ್ಷ ಇವನಿಗೆ ಉದ್ದ ಕೂದಲು ಅಂದ್ಕೊಂಡಿದ್ನಲ್ಲ ನಾನು" ಎಂದು ಬಾಷಣ್ಣ ನಕ್ಕರು. "ಗಾದಿ ಅಂಗಡಿಯವನಂಗೇ ಅದಾನೆ."

"ದೊಡ್ಡ ದೊಡ್ಡ ಕೀಬೋರ್ಡಿನವರು ಅಂತ ಬರೀತಾರಲ್ಲ ಆಂಟಿ, ಅದ್ರಾಗೆ ಎಲ್ಲೂ ಈತನ ಹೆಸರಿಲ್ಲ" ಎಂದಳು ರುಖಿಯಾ.

"ಬರೆಯೋರು ಮುಂದೆ ಕೂತು ಕೇಳಿರ್ತಾರವ್ವ" ಎಂದರು ಬಾಷಣ್ಣ. "ಒಂದಿನ ಬಂದು ಸ್ಪೀಕರಿನ ಹಿಂದೆ ನಿಂತು ಕೇಳಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ತಂಗಿ, ನಂದೊಂದು ಉದ್ದಂದು ಐತೆ. ನೀನು ತುಣುಕು ತುಣುಕು ಕೇಳೀಯ. ಈ ಕಿವಿನೂ ಹೋಗೋದ್ರಾಗೆ ಒಂದು ಸಲ ಪೂರ್ತಿ ಹಿಡಿದಿಡಬೇಕು. ನನ್ನ ಕಿವಿ ಸುಳ್ಳು ಹೇಳ್ತೈತೆ. ನೀನು ಕೂತು ಸರಿ ಐತೋ ಇಲ್ಲೋ ಹೇಳ್ತೀಯೇನು?"

ಹೀಗೆ ನಾನು ಒಬ್ಬರ ಬಲಗಿವಿಯಾದೆ. ಭಾನುವಾರ ಹರಿಹರದ ಬಸ್ಸು ಹತ್ತುವುದು, ಗೋಡೌನಿನಲ್ಲಿ ಹತ್ತಿಮೂಟೆಗೆ ಒರಗಿ ಕೂಡುವುದು. ರುಖಿಯಾ ಲ್ಯಾಪ್‌ಟಾಪಿನ ಮುಂದೆ. ಪಕ್ಕದ ಹತ್ತಿ ಹಿಂಜುವ ಮಷೀನು ನಿಂತ ಹೊತ್ತು ನೋಡಿ ರೆಕಾರ್ಡಿಂಗು. ಫೈಲಿಗೆ ಹೆಸರು ಬೇಕು ಎಂದಾಗ ಬಾಷಣ್ಣ "ಸದ್ಯಕ್ಕೆ ಗಾದಿ ಅಂತ ಬರಿ" ಎಂದರು. ಅದೇ ಹೆಸರು ನಿಂತಿತು.

ಕಷ್ಟವಾದದ್ದು ನಂಬಿಕೆಯ ವಿಷಯ. ಮೇಲಿನ ಸ್ವರಗಳಿಗೆ ಹೋದಾಗಲೆಲ್ಲ ಅವರ ಮುಖ ಹುಳಿ ತಿಂದಂತಾಗುತ್ತಿತ್ತು. ಕೈ ತೆಗೆದುಬಿಡುತ್ತಿದ್ದರು.

"ತಪ್ಪಿತಲ್ಲ?"

"ಇಲ್ಲ ಬಾಷಣ್ಣ, ಸರಿ ಐತೆ."

"ನನಗೆ ಹೊಲಸು ಕೇಳ್ತೈತೆ."

"ಸರಿ ಐತ್ರಿ. ನನ್ನಾಣೆ."

ಒಂದು ಭಾನುವಾರ ಸಿಟ್ಟಾಗಿ ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿ, "ನೀನು ನನ್ನ ಮನಸ್ಸು ನೋಯಿಸಬಾರ್ದು ಅಂತ ಹೇಳ್ತೀ" ಎಂದು ಹೊರಗೆ ಹೋಗಿ ಕೂತರು. ನನಗೂ ಸಿಟ್ಟು ಬಂತು. ಹಿಂದೆಯೇ ಹೋದೆ. "ನಿನ್ನೆ ಎರಡನೇ ಭಾಗದಾಗೆ ಸ್ವರ ಜಾರಿಸಿದ್ದು ಅರ್ಧ ಮೇಲೆ ಹೋಗಿತ್ತು. ಹೇಳಿದ್ನೋ ಇಲ್ಲೋ? ಎಡಗೈ ಭಾರ ಆತು ಅಂದ್ನೋ ಇಲ್ಲೋ? ತಪ್ಪಿದ್ದು ಹೇಳೋ ಬಾಯಿನೇ ಸರಿ ಐತೆ ಅಂತಾನೂ ಹೇಳ್ತೈತೆ. ಒಂದನ್ನ ನಂಬಿದ್ರೆ ಇನ್ನೊಂದನ್ನೂ ನಂಬಬೇಕು." 'ನಿನ್ನೆ' ಎಂದದ್ದು ತಪ್ಪು, ಹೋದ ವಾರ ಎನ್ನಬೇಕಿತ್ತು, ಸಿಟ್ಟಿನಲ್ಲಿ ಹಾಗೇ ಆಗುತ್ತದೆ. ಅವರು ಎದ್ದು ಒಳಗೆ ಬಂದು ಬಟ್ಟೆ ತೆಗೆದರು. ಕಣ್ಣು ಮುಚ್ಚಿ ನುಡಿಸಿದರು. ಮೇಲಿನ ಸ್ವರಗಳು ಬಂದಾಗ ಮುಖ ಹುಳಿಯಾಯಿತು. ಕೈ ಮಾತ್ರ ನಿಲ್ಲಲಿಲ್ಲ. ತನಗೆ ತಪ್ಪಾಗಿ ಕೇಳುವುದನ್ನು ಇನ್ನೊಬ್ಬರ ಮಾತಿನ ಮೇಲೆ ನುಡಿಸುತ್ತ ಹೋಗುವುದು ಎಂಥ ಕಷ್ಟವೆಂದು ಆ ಮುಖ ನೋಡಿ ತಿಳಿಯಿತು.

ಕೊನೆಯ ಭಾಗಕ್ಕೆ ಬಂದಾಗ ಅಲ್ಲೊಂದು ಜಾಗ ಖಾಲಿ ಇತ್ತು. ಕೆಳಗೆ ನಾಲ್ಕು ಸ್ವರ ಹಿಡಿದು ನಿಲ್ಲುತ್ತಿದ್ದರು, ಮೇಲೆ ಏನೂ ಇಲ್ಲ.

"ಇದು ನಿಂದು" ಎಂದರು. "ಮಾತು ಬ್ಯಾಡ. ಬರೀ ದನಿ. ನಿನಗಂತ ಬಿಟ್ಟೀನಿ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಗಂಟಲು ಆಗಲೇ ಸಣ್ಣಗೆ ಸಿದ್ಧವಾಗಿಯೂ ಇತ್ತು. ಆದರೆ ಅಲ್ಲಿ ನಾನು ಬಾಯಿ ತೆರೆದರೆ ಇನ್ಯಾರೋ ಸೋದರಮಾವ ಬಂದು ನನಗೇ ಕೈ ಮುಗಿಯುತ್ತಾನೆ. ಜನರ ಕಿವಿ ಮನುಷ್ಯರ ದನಿ ಕೇಳಿದೊಡನೆ ಉಳಿದದ್ದನ್ನೆಲ್ಲ ಹಿಂದಕ್ಕೆ ತಳ್ಳಿಬಿಡುತ್ತದೆ. ನನ್ನಪ್ಪನ ಕೈ ಗುಂಡಿಗೆ ಹೋಗುತ್ತಿದ್ದುದೂ ಅದಕ್ಕೇ.

"ಬ್ಯಾಡ ಬಾಷಣ್ಣ. ಹಂಗೇ ಇರಲಿ."

"ಖಾಲಿ ಇರ್ತೈತಲ್ಲ?"

"ಖಾಲಿ ಇಲ್ಲ. ನಾಲ್ಕು ಸ್ವರ ಅದಾವೆ."

ಅವರು ಆ ಭಾಗವನ್ನು ಮೊದಲಿಗಿಂತ ನಿಧಾನವಾಗಿ ನುಡಿಸಿದರು. ರುಖಿಯಾ ಉಸಿರು ಬಿಗಿಹಿಡಿದು, ಮುಗಿದ ಮೇಲೆ ಗುಂಡಿ ಒತ್ತಿದಳು.

ಎಲ್ಲ ಸೇರಿಸಿ ಹದ ಮಾಡಿದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಪೂರ್ತಿ ಕೇಳಲು ಕೂತೆವು. ಶುರುವಾಗಿ ಸ್ವಲ್ಪ ಹೊತ್ತಿಗೆ ಹೊಳೆಯಾಚೆಯ ಊರಿನ ಹೆಂಗಸೊಬ್ಬರು ಬಂದರು. ಮಗಳು ಹೆರಿಗೆಗೆ ಬಂದಿದ್ದಾಳೆ, ಬಾಣಂತಿಗೆ ಗಾದಿ ಬೇಕು ಎಂದರು. ಬಾಷಣ್ಣನಿಗೆ ಕೇಳಿಸಲಿಲ್ಲ, ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟು ಕಣ್ಣು ಮುಚ್ಚಿದ್ದರು. ನಾನು ಏಳಲು ಹೋದೆ. ಆ ಹೆಂಗಸು ಬೇಡವೆಂದು ಕೈ ಮಾಡಿ, ಗಾದಿಗಳ ರಾಶಿಯ ಮೇಲೆ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡರು. ಏಳರ ತಾಳ ಬಂದು ಹೋಯಿತು. ನಾಲ್ಕು ಸ್ವರ ಬಂದವು, ನಿಂತವು. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಆ ಬೆರಳೂ ನಿಂತಿತು.

ಮುಗಿದ ಮೇಲೆ ಬಾಷಣ್ಣ ಕಣ್ಣು ತೆರೆದು, ಎದುರಿಗೆ ಗಿರಾಕಿ ಕೂತಿದ್ದನ್ನು ಕಂಡು ಗಡಿಬಿಡಿಯಿಂದ ಎದ್ದರು.

"ಇದು ಯಾವ ಪಿಚ್ಚರಿಂದಪ್ಪ?" ಆಕೆ ಕೇಳಿದರು.

ಹಾಡು ಕೇಳಲೆಂದು ಕಿವಿಯ ಮಷೀನು ತೆಗೆದಿಟ್ಟಿದ್ದ ಬಾಷಣ್ಣನಿಗೆ ಅರ್ಧ ಕೇಳಿಸಿತು. ನನ್ನನ್ನು ನೋಡಿದರು. ನಾನು ಅವರ ಬಲಕ್ಕೆ ಬಾಗಿ, ಆಕೆ ಕೇಳಿದ್ದನ್ನು ಹೇಳಿದೆ.

"ಪಿಚ್ಚರಿಂದಲ್ರಿ ಯವ್ವ" ಎಂದರು ಬಾಷಣ್ಣ. "ನಂದು."

"ನಿಂದಾ?" ಆಕೆ ಅವರನ್ನು ಕಾಲಿನಿಂದ ತಲೆಯವರೆಗೆ, ಹುಬ್ಬಿನ ಮೇಲಿನ ಹತ್ತಿಯವರೆಗೆ ನೋಡಿದರು. ಆಮೇಲೆ ಚೀಲವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟು, ಗಾದಿಯ ಮೇಲೆ ಇನ್ನಷ್ಟು ಹಿಂದೆ ಸರಿದು ಕೂತರು.

"ಮೊದ್ಲಿಂದ ಹಚ್ಚಪ್ಪ. ನಾ ಬರೋದ್ರಾಗೆ ಸ್ವಲ್ಪ ತಪ್ಪಿಹೋತು."